ಬಾಗಿಲ ಕಡೆ ತಿರುಗಿದಾಗ

ನಿನ್ನೆ ಶುಕ್ರವಾರ ಸಂಜೆ ಮೊದಲ ಸಲ ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಹೋಗಿದ್ದೆ. ಮುಂಬೈನ ಕಾಲಾ ಘೋಡಾದಲ್ಲಿರುವ ಕೆನೆಸೆತ್ ಎಲಿಯಾಹು. 1884ರ ಕಟ್ಟಡ. ಕಾಲೇಜಿಗೆ ಹೋಗುವಾಗ ಹೊರಗಿನಿಂದ ನೋಡುತ್ತಿದ್ದೆ, ಅಷ್ಟೇ. ಈ ಸಲ ಕ್ಲಾಸ್‌ಮೇಟ್ ಕರೆದುಕೊಂಡು ಹೋದ. ತಲೆಗೆ ಪುಟ್ಟ ಟೋಪಿ ಕೊಟ್ಟರು. ಹೀಬ್ರೂ ಒಂದಕ್ಷರವೂ ಬರದು, ಸುಮ್ನೆ ದನಿ ಕೇಳುತ್ತಾ ನಿಂತೆ.

ಒಂದು ಹಾಡಿನ ಕೊನೆಯ ನುಡಿಗೆ ಎಲ್ಲರೂ ಬಾಗಿಲ ಕಡೆ ತಿರುಗಿದರು. ಯಾರೋ ಬಂದರು ಅಂದುಕೊಂಡೆ. "ಶಬ್ಬಾತ್ ಬರ್ತಿದ್ದಾಳೆ, ಮದುಮಗಳ ಹಾಗೆ" ಅಂತ ಗೆಳೆಯ ಪಿಸುಗುಟ್ಟಿದ. ಶಬ್ಬಾತ್ ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಅವರ ವಿಶ್ರಾಂತಿ ದಿನ. ಮೈ ಜುಮ್ಮೆಂದಿತು. ವಾರದ ಒಂದು ದಿನವನ್ನು ಹೀಗೆ ಎದುರುಗೊಳ್ಳುವುದು ಎಷ್ಟು ಚೆಂದ ಅಲ್ವಾ? ಶುಕ್ರವಾರ ಹೊಸ್ತಿಲು ತೊಳೆದು ಲಕ್ಷ್ಮಿಗಾಗಿ ದೀಪ ಹಚ್ಚುತ್ತಿದ್ದ ಅಜ್ಜಿ ನೆನಪಾದಳು.

ಗೆಳೆಯ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದವನು, ಮನೆಮಾತು ಮರಾಠಿ. ಕೊಂಕಣದ ಹಳ್ಳಿಗಳಲ್ಲಿ ಅವರ ಹಿರಿಯರು ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು 'ಶನಿವಾರ್ ತೇಲಿ' ಎನ್ನುತ್ತಿದ್ದರು, ಅಂದರೆ ಶನಿವಾರದ ಗಾಣಿಗರು. ದುಡಿಯದ ದಿನದಿಂದ ಹೆಸರು ಪಡೆದ ಜನ! ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಮುಗಿದ ಮೇಲೆ ಎಲ್ಲರೂ "ಶಬ್ಬಾತ್ ಶಾಲೋಮ್" ಎಂದು ಕೈ ಕುಲುಕಿದರು. ನಾನೂ ಹೇಳಿದೆ. ಹೊರಗೆ ಟ್ರಾಫಿಕ್ ಜೋರಾಗಿತ್ತು. ಇಬ್ಬರೂ ಫೋನ್ ತೆಗೆಯದೆ ತುಂಬಾ ದೂರ ನಡೆದೆವು.