ಜಪಸರದಲ್ಲಿ ನುಂಗಿಹೋಗುವ ಹೆಸರು

ಅಕ್ಟೋಬರ್ ಬಂತೆಂದರೆ ಕೋಲಾರ, ಕೆಜಿಎಫ್ ಕಡೆಯ ಕಥೋಲಿಕ ಮನೆಗಳಲ್ಲಿ ಸಂಜೆ ಜಪಸರ, ಅಂದರೆ ಮಣಿಸರ ಹಿಡಿದು ಯೇಸುವಿನ ತಾಯಿ ಮರಿಯಾಳಿಗೆ ಸಲ್ಲಿಸುವ ಪ್ರಾರ್ಥನೆ. 59 ಮಣಿ: 53 ನಮೋ ಮರಿಯಾ, 6 ಪರಲೋಕ ಪ್ರಾರ್ಥನೆ. ಅವಸರವಿಲ್ಲದೆ ಹೇಳಿದರೆ ಸುಮಾರು 20 ನಿಮಿಷ. ಹತ್ತಕ್ಕೇ ಮುಗಿಯಿತೇ? ಏನೋ ನುಂಗಿದ್ದೀರಿ, ಹೆಚ್ಚಾಗಿ ಯೇಸುವಿನ ಹೆಸರನ್ನೇ!

ಆ ಹೆಸರು ಮುನ್ನಡೆಸುವವರು ಹೇಳುವ ನಮೋ ಮರಿಯಾ ಪ್ರಾರ್ಥನೆಯ ಮೊದಲ ಭಾಗದ ಕೊನೆಗೆ ಬರುತ್ತದೆ. ಅಷ್ಟರಲ್ಲೇ ಉತ್ತರ ಹೇಳುವವರು ಎರಡನೇ ಭಾಗವಾದ "ಸಂತ ಮರಿಯಾ" ಶುರುಮಾಡಿಬಿಡುತ್ತಾರೆ. ತಾಯಿ ಮರಿಯಾ ನಮ್ಮನ್ನು ಕರೆದೊಯ್ಯುವುದೇ ಯೇಸುವಿನ ಬಳಿಗೆ. ಹಾಗಾಗಿ ಮುನ್ನಡೆಸುವವರು ಹೆಸರಿನ ಜೊತೆ ಆ ದಿನದ ರಹಸ್ಯವನ್ನೂ (ಧ್ಯಾನಿಸುವ ಘಟನೆಯನ್ನೂ) ಸೇರಿಸಲಿ: ಶುಕ್ರವಾರ "ಮುಳ್ಳಿನ ಕಿರೀಟ ಧರಿಸಿದ ಯೇಸು", ಸೋಮವಾರ "ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸು". ಹಳೆಯ ರೂಢಿಯಿದು, ಜಗದ್ಗುರು (ಪೋಪ್) ಎರಡನೇ ಜಾನ್ ಪೌಲರು 2002ರ ಪತ್ರದಲ್ಲಿ ಮೆಚ್ಚಿದ್ದರು. ಪುಟ್ಟ ಮಕ್ಕಳಿದ್ದರೆ ಐದೂ ದಶಕ (ಹತ್ತು ನಮೋ ಮರಿಯಾಗಳ ಗುಂಪು) ಬೇಡ, ಒಂದನ್ನೇ ನಿಧಾನವಾಗಿ ಹೇಳಿಸಿ.