ಮಬ್ಬು ಬಿಟ್ಟ ಕಿತ್ತಳೆ ವೈನ್

ನಿನ್ನೆ ಸಂಜೆ ಗುಡುಗು ಮಳೆಗೆ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿಕೊಂಡು ಉಗ್ರಾಣಕ್ಕೆ ಹೋದೆ. ಬತ್ತಿಯನ್ನು ಕಿತ್ತಳೆ ವೈನಿನ ಜಾರ್ ಹಿಂದೆ ಇಟ್ಟು ಬಗ್ಗಿ ನೋಡಿದೆ. ಬೆಂಕಿಯ ಅಂಚು ಚೂಪಾಗಿ ಕಂಡಿತು. ಸುತ್ತ ಮಂಜಿನ ಬಳೆ ಇರಲಿಲ್ಲ. ಒಂಬತ್ತು ತಿಂಗಳಿಂದ ಈ ಜಾರ್ ಹಿಂದೆ ಏನಿಟ್ಟರೂ ಕಾಣುತ್ತಿದ್ದದ್ದು ಬರೀ ಹಳದಿ ಮಂಜು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ತುಂಬಾ ಖುಷಿಯಾಯಿತು.

ಮನೆಯಲ್ಲಿ ವೈನ್ ಮಾಡುವವರಿಗೆ ಶುರುವಿನ ಕಥೆ ಹೇಳಬೇಕಾಗಿಲ್ಲ. ಜನವರಿಯಲ್ಲಿ ನಮ್ಮದೇ ತೋಟದ ಕಿತ್ತಳೆ. ಕಾಫಿ ನಡುವೆ ಹತ್ತು ಗಿಡ ಇದ್ದವು, ಗ್ರೀನಿಂಗ್ ರೋಗಕ್ಕೆ ಸಿಕ್ಕಿ ಈಗ ಉಳಿದಿರುವುದು ನಾಲ್ಕು. ಹಾಗಾಗಿ ಒಂದೊಂದು ಹಣ್ಣೂ ನನಗೆ ಲೆಕ್ಕ. ಸಿಪ್ಪೆ, ಬಿಳಿ ನಾರು, ಬೀಜ ಎಲ್ಲ ತೆಗೆದು ರಸ ಹಿಂಡಿದ್ದೆ. ಪೆಕ್ಟಿನ್ ಅನ್ನುವ ಹಣ್ಣಿನ ಅಂಟನ್ನು ಒಡೆಯುವ ಎಂಜೈಮ್ ಪೆಕ್ಟಿನೇಸ್ ಮೊದಲೇ ಹಾಕಿದ್ದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.090ರಿಂದ 0.996ಕ್ಕೆ ಇಳಿಯಿತು. ಅಂದರೆ ಸುಮಾರು 12% ಆಲ್ಕೋಹಾಲ್. ಮೂರು ಸಲ ಗಸಿ ಬಿಟ್ಟು ತಿಳಿ ತೆಗೆದೆ. ಕೆಡದಿರಲಿ ಅಂತ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಿ ಐದು ಲೀಟರಿನ ಮೂರು ಗಾಜಿನ ಜಾರ್‌ಗಳಿಗೆ ತುಂಬಿಸಿಟ್ಟೆ. ರುಚಿ ಚೆನ್ನಾಗಿತ್ತು, ಪರಿಮಳವೂ ಇತ್ತು. ಆದರೆ ನೋಡಲು ಅಕ್ಕಿ ತೊಳೆದ ನೀರಿಗೆ ಅರಿಶಿನ ಕಲಸಿದ ಹಾಗೆ.

ತಿಳಿ ಬರದಿದ್ದರೆ ಏನಂತೆ, ಕುಡಿಯೋಕೆ ಚೆನ್ನಾಗಿದೆಯಲ್ಲಾ ಅಂತ ಮನೆಗೆ ಬಂದವರೆಲ್ಲ ಹೇಳಿದರು. ನನಗೆ ಅದು ಒಪ್ಪಿಗೆ ಇಲ್ಲ. ಕೊಡಗಿನ ಕಿತ್ತಳೆ ವೈನ್ ಅಂತ ಒಬ್ಬರ ಕೈಗೆ ಗ್ಲಾಸ್ ಕೊಟ್ಟರೆ ಅವರು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಆಗ ಆ ಬಣ್ಣ ಹೊಳೆಯಬೇಕು. ನಾಲ್ಕೇ ಗಿಡದ ಹಣ್ಣಿಗೆ ಅಷ್ಟು ಮರ್ಯಾದೆ ಸಲ್ಲಬೇಕು ಅನ್ನುವುದು ನನ್ನ ಹಟ.

ಮಬ್ಬು ಇಳಿಸಲು ಮಾರ್ಚಿನಲ್ಲಿ ಬೆಂಟೊನೈಟ್ ಅನ್ನುವ ಜೇಡಿಮಣ್ಣಿನ ಪುಡಿ ಹಾಕಿದೆ. ಹಿಂದಿನ ರಾತ್ರಿ ಬಿಸಿನೀರಲ್ಲಿ ನೆನೆಸಿ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ. ತಳದಲ್ಲಿ ಒಂದು ಬೆರಳು ಕೆಸರು ಕೂತಿತು, ಮೇಲೆ ಮಬ್ಬು ಹಾಗೇ ಇತ್ತು. ಜೆಲಟಿನ್ ಕೇಳಿದರೆ ಅಂಗಡಿಯವರು ಚೈನಾ ಗ್ರಾಸ್ ಕೊಟ್ಟು, ಎರಡೂ ಒಂದೇ ಅಂದರು. ಒಂದೇ ಅಲ್ಲ. ಒಂದು ಪ್ರಾಣಿಯ ಮೂಳೆ, ಚರ್ಮದ್ದು, ಇನ್ನೊಂದು ಸಮುದ್ರದ ಪಾಚಿಯದ್ದು. ಅದನ್ನು ವೈನಿಗೆ ಹಾಕಿದ್ದರೆ ಮಬ್ಬಿನ ಮೇಲೆ ಇನ್ನೊಂದು ಮಬ್ಬು ಆಗುತ್ತಿತ್ತು. ವಾಪಸ್ ಕೊಟ್ಟೆ, ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಸರಿಯಾದ ಜೆಲಟಿನ್ ಸಿಕ್ಕ ಮೇಲೆ ಅದನ್ನೂ ಹಾಕಿದೆ. ಏನೂ ಆಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಿತ್ತು. ಬೆಂಟೊನೈಟ್‌ಗೆ ಋಣ ವಿದ್ಯುದಂಶ. ಧನ ಅಂಶ ಇರುವ ಪ್ರೋಟೀನನ್ನು ಅದು ಹಿಡಿದು ತಳಕ್ಕೆ ಎಳೆಯುತ್ತದೆ. ಜೆಲಟಿನ್ ಅದಕ್ಕೆ ತದ್ವಿರುದ್ಧ. ಎರಡಕ್ಕೂ ಜಗ್ಗದೆ ಮಬ್ಬು ತೇಲುತ್ತಿದೆ ಅಂದರೆ ಅದಕ್ಕೆ ಯಾವ ವಿದ್ಯುದಂಶವೂ ಇಲ್ಲ ಅಂತ ಅಲ್ವಾ? ಪೆಕ್ಟಿನ್ ಇರಬಹುದಾ ಅಂತ ಸ್ಪಿರಿಟ್ ಟೆಸ್ಟ್ ಮಾಡಿದೆ. ಒಂದು ಪಾಲು ವೈನ್, ನಾಲ್ಕು ಪಾಲು ಮೆಡಿಕಲ್ ಶಾಪಿನ ಸ್ಪಿರಿಟ್. ಪೆಕ್ಟಿನ್ ಇದ್ದರೆ ಲೋಳೆಯ ಎಳೆ ಕಟ್ಟುತ್ತದೆ. ಕಟ್ಟಲಿಲ್ಲ. ಉಳಿದದ್ದು ಪಿಷ್ಟ.

ಪಿಷ್ಟ ಎಲ್ಲಿಂದ? ಗೋಧಿಯಿಂದ. ನಮ್ಮ ಕಡೆ ಮನೆ ವೈನಿಗೆ ಒಂದು ಹಿಡಿ ಗೋಧಿ ಹಾಕುವ ರೂಢಿ ಎಲ್ಲರಿಗೂ ಗೊತ್ತು. ವೈನಿಗೆ ಮೈ ಬರುತ್ತದೆ, ಅಂದರೆ ಬಾಯಿಗೆ ನೀರು ನೀರಾಗಿರದೆ ತುಂಬಿದ ಹಾಗಿರುತ್ತದೆ ಅಂತ. ನಾನು ಗೋಧಿಯನ್ನು ಮಿಕ್ಸಿಯಲ್ಲಿ ಒಡೆದು, ಅದರ ಮೇಲೆ ಕುದಿಯುವ ಸಕ್ಕರೆ ಪಾಕ ಸುರಿದಿದ್ದೆ.

ದೊಡ್ಡಮ್ಮನ ಮಗ, ನಮ್ಮ ಅಣ್ಣ, ಬೆಂಗಳೂರಿನಲ್ಲಿ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ಮಾಡುತ್ತಾನೆ. ಫೋನ್ ಮಾಡಿದೆ. ಅವರಿಗೆ ಇದು ದಿನನಿತ್ಯದ ವಿಷಯ. ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಒಡೆದು 62ರಿಂದ 70 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಬಿಡುತ್ತಾರೆ. ಮಾಲ್ಟಿನಲ್ಲೇ ಇರುವ ಅಮೈಲೇಸ್ ಅನ್ನುವ ಎಂಜೈಮ್ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಮುಗಿಯಿತಾ ಇಲ್ಲವಾ ಅಂತ ನೋಡಲು ಬಿಳಿ ತಟ್ಟೆಯ ಮೇಲೆ ಒಂದು ಹನಿ ತೆಗೆದು ಅಯೋಡಿನ್ ಮುಟ್ಟಿಸುತ್ತಾರೆ. ನೀಲಿಯಾದರೆ ಪಿಷ್ಟ ಉಳಿದಿದೆ. ಕಂದಾಗಿಯೇ ಇದ್ದರೆ ಕೆಲಸ ಮುಗಿದಿದೆ. ಬಿಯರಿನ ಮಬ್ಬುಗಳ ಬಗ್ಗೆ ಅವನು ಒಂದು ಗಂಟೆ ಮಾತಾಡಿದ. ತಣ್ಣಗಾದಾಗ ಮಾತ್ರ ಬಂದು, ಬಿಸಿಯಾದಾಗ ಹೋಗುವ ಮಬ್ಬು ಪ್ರೋಟೀನ್ ಮತ್ತು ಟ್ಯಾನಿನ್ ಕೈ ಹಿಡಿದದ್ದು. ಹೆಫೆವೈಟ್ಸನ್ ಅನ್ನುವ ಜರ್ಮನಿಯ ಗೋಧಿ ಬಿಯರಿಗೆ ಮಬ್ಬೇ ಲಕ್ಷಣ, ಅದು ತಿಳಿಯಾಗಿದ್ದರೆ ಜನ ಬೇಸರ ಮಾಡಿಕೊಳ್ಳುತ್ತಾರೆ. ಕೇಳಲು ತುಂಬಾ ಚೆನ್ನಾಗಿತ್ತು.

ಏಪ್ರಿಲ್ ಮೊದಲ ವಾರ ಟೆಸ್ಟ್ ಮಾಡಿದೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ತಂದೆ, 5% ಇರುವಂಥದ್ದು. ಮೊದಲು ಔಷಧಿ ಸರಿ ಇದೆಯಾ ಅಂತ ಅನ್ನದ ಗಂಜಿಗೆ ಒಂದು ಹನಿ. ಕ್ಷಣದಲ್ಲಿ ಕಡುನೀಲಿ. ಆಮೇಲೆ ಎರಡು ಚಮಚ ವೈನಿಗೆ ಎರಡು ಹನಿ. ಬಣ್ಣವೇ ಇಲ್ಲ. ನೀಲಿಯೂ ಇಲ್ಲ, ಕಂದೂ ಇಲ್ಲ. ಸರಿ, ಪಿಷ್ಟ ಅಲ್ಲ ಅಂತ ನೋಟ್ ಪುಸ್ತಕದಲ್ಲಿ ಬರೆದು ಅಡಿಗೆರೆ ಹಾಕಿದೆ.

ಆ ಒಂದು ಗೆರೆ ನನಗೆ ಎರಡು ತಿಂಗಳು ತಿಂದಿತು. ಮೊಟ್ಟೆಯ ಬಿಳಿ ಹಾಕಿದೆ. ಜಾರ್‌ಗಳನ್ನು ಒಂದೊಂದಾಗಿ ಫ್ರಿಜ್ಜಿನಲ್ಲಿಟ್ಟೆ, ಫ್ರಿಜ್ಜಿನ ತಟ್ಟೆ ಎಲ್ಲ ತೆಗೆದು. ಬಟ್ಟೆ, ಹತ್ತಿ, ಕಾಫಿ ಫಿಲ್ಟರ್ ಕಾಗದ. ಸೋಸಿದಷ್ಟೂ ಗಾಳಿ ತಗಲಿ ಬಣ್ಣ ಕಂದಾಗತೊಡಗಿತು. ಒಂದು ಜಾರ್ ಪರಿಮಳ ಕಳೆದುಕೊಂಡಿತು. ಅದಕ್ಕೆ ಇವತ್ತಿಗೂ ನೋವಿದೆ.

ಜೂನಿನಲ್ಲಿ ತಮ್ಮನ ಮಗಳು ಮನೆಗೆ ಬಂದಳು. ಎರಡನೇ ಪಿಯುಸಿ, ಸೈನ್ಸ್. ಹೊರಗೆ ಜಡಿ ಮಳೆ, ಮಾಡಲು ಬೇರೆ ಕೆಲಸ ಇಲ್ಲ. ನನ್ನ ನೋಟ್ ಪುಸ್ತಕ ತೆಗೆದು ಓದುತ್ತಾ ಕೂತಿದ್ದಳು.

"ಅತ್ತೆ, ಗಂಜಿಗೆ ಅಯೋಡಿನ್ ಹಾಕಿದ್ದು ನೀರಲ್ಲಿ ಅಲ್ವಾ? ವೈನಿಗೇ ಗಂಜಿ ಹಾಕಿ ನೋಡಿದ್ರಾ?"

ಇಲ್ಲ. ನೋಡಿರಲಿಲ್ಲ.

ಹತ್ತು ಎಂಎಲ್ ವೈನಿಗೆ ಒಂದು ಚಮಚ ಗಂಜಿ ಕಲಸಿ ಎರಡು ಹನಿ ಅಯೋಡಿನ್ ಬಿಟ್ಟೆವು. ನೀಲಿ ಆಗಲೇ ಇಲ್ಲ! ಗಂಜಿ ಕಣ್ಣಿಗೆ ಕಾಣುವಷ್ಟಿದೆ, ಆದರೂ ಟೆಸ್ಟ್ ಇಲ್ಲ ಅನ್ನುತ್ತಿದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಮೊದಲು ಹೊಳೆಯಿತು. ಕಿತ್ತಳೆಯಲ್ಲಿ ವಿಟಮಿನ್ ಸಿ ಇದೆ. ಅದು ಅಯೋಡಿನ್ನನ್ನು ಅಯೋಡೈಡ್ ಮಾಡುತ್ತದೆ, ಅಯೋಡೈಡ್‌ಗೆ ಬಣ್ಣ ಇಲ್ಲ. ಅವರ ಲ್ಯಾಬಿನಲ್ಲಿ ವಿಟಮಿನ್ ಸಿ ಅಳೆಯುವುದೇ ಹೀಗಂತೆ. ನನಗೆ ಆಗ ಕೆಎಂಎಸ್ ನೆನಪಾಯಿತು. ಸಲ್ಫೈಟ್ ಕೂಡ ಅಯೋಡಿನ್ನನ್ನು ಹಾಗೇ ನುಂಗುತ್ತದೆ. ವೈನಿನ ಸಲ್ಫೈಟ್ ಅಳೆಯುವ ರಿಪ್ಪರ್ ವಿಧಾನದಲ್ಲಿ ಇದನ್ನೇ ಬಳಸುತ್ತಾರೆ. ನಾನು ಬಿಟ್ಟ ಎರಡು ಹನಿ ಪಿಷ್ಟದ ಹತ್ತಿರ ಹೋಗುವ ಮೊದಲೇ ಖರ್ಚಾಗಿ ಹೋಗುತ್ತಿದ್ದವು.

ಹೊಸದಾಗಿ ಹತ್ತು ಎಂಎಲ್ ತೆಗೆದೆವು, ಈ ಸಲ ಗಂಜಿ ಇಲ್ಲದೆ, ಬರೀ ವೈನ್. ಅವಳು ಡ್ರಾಪರ್ ಹಿಡಿದು ಎಣಿಸಿದಳು. ಐದು, ಏನಿಲ್ಲ. ಎಂಟು, ಏನಿಲ್ಲ. ಹನ್ನೊಂದನೇ ಹನಿಗೆ ಒಂದು ನೆರಳು ಬಂದು ಹೋಯಿತು. ಹದಿಮೂರನೇ ಹನಿಗೆ ಇಡೀ ಗ್ಲಾಸ್ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅವಳು ಕೂಗಿದ್ದು ಅಡುಗೆ ಮನೆಯವರೆಗೂ ಕೇಳಿಸಿ ಅಮ್ಮ ಓಡಿ ಬಂದರು. ಯಾರಿಗಾದರೂ ಕಿತ್ತಳೆ, ನೆಲ್ಲಿಕಾಯಿ ವೈನ್ ಮಬ್ಬಾಗಿದ್ದರೆ ಇದೊಂದು ಮಾತು ನೆನಪಿಡಿ: ಬಣ್ಣ ನಿಲ್ಲುವವರೆಗೆ ಹನಿ ಹಾಕುತ್ತಲೇ ಹೋಗಿ, ಎರಡಕ್ಕೇ ನಿಲ್ಲಿಸಬೇಡಿ. ಟೆಸ್ಟ್ ಮಾಡಿದ ವೈನ್ ಚೆಲ್ಲಿಬಿಡಿ, ಜಾರ್‌ಗೆ ವಾಪಸ್ ಸುರಿಯಬೇಡಿ.

ರೋಗ ಗೊತ್ತಾಯಿತು, ಮದ್ದು ಸುಲಭ ಅಂದುಕೊಂಡೆ. ಪಿಷ್ಟ ಕತ್ತರಿಸುವ ಎಂಜೈಮ್ ಹಾಕಿದರೆ ಆಯಿತಲ್ಲ.

ಆನ್‌ಲೈನಿನಲ್ಲಿ ಫಂಗಲ್ ಅಮೈಲೇಸ್ ಪುಡಿ ತರಿಸಿದೆ. ಪ್ಯಾಕೆಟ್ ಮೇಲೆ ತಾರೀಖಿಲ್ಲ, ಎಷ್ಟು ಹಾಕಬೇಕು ಅಂತ ಇಲ್ಲ. ಫೋನ್ ಮಾಡಿದರೆ "ಬೇಕಾದಷ್ಟು ಹಾಕಿ ಮೇಡಂ" ಅನ್ನುವ ಉತ್ತರ. ಅನುಮಾನ ಬಂದು ಆ ಪುಡಿಯನ್ನೇ ನೀರಲ್ಲಿ ಕಲಸಿ ಅಯೋಡಿನ್ ಹಾಕಿದೆ. ಕಡುನೀಲಿ! ಅದು ಬೇಕರಿಗೆ ಮಾಡಿದ ಪುಡಿ, ಹಿಟ್ಟಿನಲ್ಲಿ ಬೆರೆಸಿ ಮಾರುವಂಥದ್ದು. ಬ್ರೆಡ್ಡಿಗೆ ಅದು ಸರಿ. ಆದರೆ ವೈನ್ ಮಾಡುವವರಿಗೆ ಅಂತ ಹೇಳಿ ಮಾರುವವರು ಪ್ಯಾಕೆಟ್ ಮೇಲೆ ಅದರಲ್ಲಿ ಏನಿದೆ ಅಂತ ಬರೆಯಬೇಕು. ಇದರಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ.

ಅಷ್ಟರಲ್ಲಿ ಹುಡುಗಿ ರಾಗಿ ಮೊಳಕೆ ಕಟ್ಟಿದ್ದಳು. ಪ್ರಪಂಚದಲ್ಲಿ ಮೊದಲು ಬೇರ್ಪಡಿಸಿದ ಎಂಜೈಮ್ ಸಿಕ್ಕಿದ್ದೇ ಮೊಳಕೆ ಕಾಳಿನಲ್ಲಿ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಬಾರ್ಲಿ ಮಾಲ್ಟಿನಿಂದ ತೆಗೆದರು, ಡಯಾಸ್ಟೇಸ್ ಅಂತ ಹೆಸರಿಟ್ಟರು. ಹಾಗಿದ್ದರೆ ನಮ್ಮ ರಾಗಿಯಲ್ಲೂ ಇರಬೇಕು ಅನ್ನುವುದು ಅವಳ ವಾದ. ಇತ್ತು. ಮೊಳಕೆ ರಾಗಿ ಅರೆದು ತಣ್ಣೀರಲ್ಲಿ ನೆನೆಸಿ ಸೋಸಿದ ನೀರನ್ನು ಬಿಸಿ ಗಂಜಿಗೆ ಹಾಕಿದೆವು. ಅರ್ಧ ಗಂಟೆಯಲ್ಲಿ ಗಂಜಿ ನೀರಾಯಿತು, ಅಯೋಡಿನ್ ಹಾಕಿದರೆ ನೀಲಿ ಇಲ್ಲ. ಅವಳ ಕಣ್ಣು ನೋಡಬೇಕಿತ್ತು. ಆದರೆ ಅದನ್ನೇ ಒಂದು ಬಾಟಲಿ ವೈನಿಗೆ ಹಾಕಿ ಹದಿನೈದು ದಿನ ಕಾದರೂ ಏನೂ ಆಗಲಿಲ್ಲ. ಗಂಜಿ ಬಿಸಿ, ಹುಳಿ ಇಲ್ಲ. ವೈನ್ ತಣ್ಣಗೆ, ಹುಳಿ ಜಾಸ್ತಿ, ಮೇಲಿಂದ ಆಲ್ಕೋಹಾಲ್. ಮಾಲ್ಟಿನ ಅಮೈಲೇಸ್ ಅಷ್ಟು ಹುಳಿಯಲ್ಲಿ ಬಾಳುವುದಿಲ್ಲ.

ಕೊನೆಗೆ ಅಣ್ಣನೇ ದಾರಿ ತೋರಿಸಿದ. ಹುಳಿ ತಡೆಯುವ ಎಂಜೈಮ್ ಗ್ಲುಕೋಅಮೈಲೇಸ್. ಸಕ್ಕರೆಯ ಅಂಶ ಪೂರ್ತಿ ಹೋಗಿ ಬಿಯರ್ ಒಣಗಿದ ರುಚಿಗೆ ಬರಬೇಕು ಅಂದಾಗ ಅವರು ಅದನ್ನು ಬಳಸುತ್ತಾರೆ. ಆಗಸ್ಟ್ ಮೊದಲ ವಾರ ಮಡಿಕೇರಿ ಬಸ್ಸಿನಲ್ಲಿ ಬಂದ ಒಬ್ಬರ ಕೈಲಿ ಒಂದು ಚಿಕ್ಕ ಬಾಟಲಿ ಕಳಿಸಿದ. ಪಿಷ್ಟದ ಸರಪಳಿಯನ್ನು ತುದಿಯಿಂದ ಒಂದೊಂದೇ ಗ್ಲುಕೋಸ್ ಆಗಿ ಬಿಡಿಸುತ್ತಾ ಬರುವ ಎಂಜೈಮ್ ಅದು. ಬಿಸಿ ಇದ್ದರೆ ಬೇಗ, ತಣ್ಣಗಿದ್ದರೆ ನಿಧಾನ. ನಮ್ಮ ಆಗಸ್ಟ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಜಾರ್‌ಗಳನ್ನು ಒಲೆ ಮನೆಯ ಗೋಡೆಗೆ ಒತ್ತಿ, ಹಳೇ ಕಂಬಳಿ ಸುತ್ತಿ ಇಟ್ಟೆ.

ಹತ್ತನೇ ದಿನ ಜಾರ್ ಬಾಯಿಯ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳ) ಗುಳುಗುಳು ಅನ್ನತೊಡಗಿತು. ಆರು ತಿಂಗಳಿಂದ ಸುಮ್ಮನಿದ್ದ ವೈನ್ ಎದ್ದು ಕೂತಿತ್ತು. ಮೊದಲು ಗಾಬರಿ. ಆಮೇಲೆ ಅರ್ಥವಾಯಿತು, ಬಿಡಿಸಿದ ಗ್ಲುಕೋಸನ್ನು ಮಲಗಿದ್ದ ಯೀಸ್ಟ್ ತಿನ್ನುತ್ತಿದೆ. ಎಂಜೈಮ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಕಾ? ಎಂಜೈಮ್ ಹಾಕಿದ ಕೂಡಲೇ ಬಾಟಲಿಗೆ ತುಂಬಿಸಿದ್ದರೆ ಈ ಗ್ಯಾಸ್ ಎಲ್ಲ ಬಾಟಲಿಯೊಳಗೇ ಕಟ್ಟುತ್ತಿತ್ತು. ಹಾಗಾಗಿ ಗುಳುಗುಳು ಪೂರ್ತಿ ನಿಂತು ಎರಡು ವಾರ ಆಗುವವರೆಗೆ ಕಾರ್ಕ್ ಮುಟ್ಟಬೇಡಿ.

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹಂದಿ ಮಾಂಸದ ಪಂದಿ ಕರಿ ಜೊತೆ ಇಡಬೇಕು ಅಂತ ಆಸೆ ಇತ್ತು. ಆಗಲಿಲ್ಲ, ಆಗಿನ್ನೂ ಯೀಸ್ಟಿನ ಮಬ್ಬಿತ್ತು. ಆದರೆ ಆ ದಿನ ಮಾಡಿದ ಟೆಸ್ಟಿನಲ್ಲಿ ಇಪ್ಪತ್ತು ಹನಿ ಹಾಕಿದರೂ ನೀಲಿ ಬರಲಿಲ್ಲ, ಕಂದು ಬಂದು ನಿಂತಿತು. ಪಿಷ್ಟ ಮುಗಿದಿತ್ತು. ಮಿಕ್ಕಿದ್ದು ಕಾಯುವ ಕೆಲಸ.

ಆ ದಿನ ದೊಡ್ಡಮ್ಮನೂ ಬಂದಿದ್ದರು. ಗೋಧಿ ಹಾಕುವ ಲೆಕ್ಕ ಅವರದ್ದೇ. ಕಥೆಯೆಲ್ಲ ಕೇಳಿ, "ಗೋಧಿ ಒಡೆದು ಹಾಕು ಅಂತ ನಾನು ಯಾವಾಗ ಹೇಳಿದೆ ಮಗಾ? ಇಡೀ ಕಾಳು ತೊಳೆದು ಹಾಕೋದು. ಪಾಕ ತಣಿದ ಮೇಲೆ" ಅಂದರು. ಇಡೀ ಕಾಳಿನ ಸಿಪ್ಪೆ ಪಿಷ್ಟವನ್ನು ಒಳಗೇ ಹಿಡಿದಿಡುತ್ತದೆ. ತಣ್ಣಗಿದ್ದರೆ ಅದು ಉಬ್ಬಿ ಗಂಜಿಯಾಗುವುದೂ ಇಲ್ಲ. ಅವರ ವೈನ್ ಯಾವತ್ತೂ ತಿಳಿಯಾಗಿಯೇ ಇರುತ್ತಿತ್ತು. ಅವರು ಅಯೋಡಿನ್ ನೋಡಿದವರಲ್ಲ, ಆದರೆ ಕ್ರಮ ಬಿಟ್ಟವರೂ ಅಲ್ಲ.

ಅವರೇ ಇನ್ನೊಂದು ಮಾತು ಹೇಳಿದರು. ಪಂದಿ ಕರಿಗೆ ಹಾಕುವ ಹಣ್ಣಿನ ಹುಳಿ ಕಾಚಂಪುಳಿ ಮಾಡುವಾಗ ಹಣ್ಣನ್ನು ಯಾರಾದರೂ ಹಿಂಡುತ್ತಾರಾ ಅಂತ. ಇಲ್ಲ. ಬುಟ್ಟಿಯಲ್ಲಿ ಪೇರಿಸಿಟ್ಟು, ರಸ ತಾನಾಗಿ ಹನಿಹನಿ ಇಳಿಯಲು ಬಿಡುತ್ತಾರೆ. ಆ ರಸ ಎಷ್ಟು ತಿಳಿ ಇರುತ್ತದೆ! ಮುಂದಿನ ಜನವರಿಗೆ ಕಿತ್ತಳೆ ತೊಳೆಗಳನ್ನು ಹಿಂಡದೆ, ಸಕ್ಕರೆ ಉದುರಿಸಿ ಬಟ್ಟೆಯಲ್ಲಿ ತೂಗುಹಾಕುವುದು ಅಂತ ಈಗಲೇ ಬರೆದಿಟ್ಟಿದ್ದೇನೆ. ಒಂದು ಜಾರ್ ಗೋಧಿ ಇಲ್ಲದೆ, ಒಂದು ದೊಡ್ಡಮ್ಮನ ಇಡೀ ಕಾಳಿನ ಜೊತೆ. ಎರಡರ ಮೈ ಹೋಲಿಸಿ ನೋಡಬೇಕು.

ಅದಕ್ಕೂ ಮೊದಲು ತಲೆಯಲ್ಲಿ ಕೂತಿರುವುದು ಜೇನು. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಾಗಿನ ಜೇನಿನಲ್ಲಿ ವೈನ್ ಮಾಡಬೇಕು ಅಂತ ವರ್ಷಗಳ ಆಸೆ. 1990ರ ದಶಕದ ಮೊದಲಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ತುಡುವೆ ಜೇನುಗಳು ಗೂಡುಗಟ್ಟಲೆ ಸತ್ತವು. ಮನೆಯ ಹಿಂದಿನ ಪೆಟ್ಟಿಗೆಗಳು ಬರಿದಾಗಿದ್ದು ನನಗೆ ನೆನಪಿದೆ. ಹೋದ ವರ್ಷ ಎರಡು ಪೆಟ್ಟಿಗೆಗೆ ಮತ್ತೆ ಜೇನು ಕೂರಿಸಿದ್ದೇವೆ. ಜೇನಿನಲ್ಲಿ ಪಿಷ್ಟವೂ ಇಲ್ಲ, ಪೆಕ್ಟಿನ್ನೂ ಇಲ್ಲ. ಯೀಸ್ಟಿಗೆ ಬೇಕಾದ ನೈಟ್ರೋಜನ್ ಕೂಡ ಕಮ್ಮಿ, ಹಾಗಾಗಿ ಪೋಷಕಾಂಶ ಬೇರೆ ಹಾಕಬೇಕು. ಮಬ್ಬು ಬಂದರೆ ಪ್ರೋಟೀನಿನದ್ದು. ಅದಕ್ಕೆ ಉಳಿದ ಬೆಂಟೊನೈಟ್ ಇದೆ.

ಇವತ್ತು ತುಲಾ ಸಂಕ್ರಮಣ. ಬೆಳಿಗ್ಗೆ ತಲಕಾವೇರಿಯ ತೀರ್ಥ ತಂದವರು ಒಂದು ಚಿಕ್ಕ ಬಾಟಲಿ ಕೊಟ್ಟು ಹೋದರು. ಮಧ್ಯಾಹ್ನ ಕೂತು ಎರಡು ಜಾರ್ ತುಂಬಿಸಿದೆ. ಗಸಿ ಬಿಟ್ಟು ಹನ್ನೆರಡು ಬಾಟಲಿ ಆಯಿತು. ಪರಿಮಳ ಕಳೆದುಕೊಂಡ ಮೂರನೇ ಜಾರ್ ಹಾಗೇ ಇಟ್ಟಿದ್ದೇನೆ, ಅದರಿಂದ ವಿನೆಗರ್ ಮಾಡಬೇಕು. ಮೊದಲ ಬಾಟಲಿಯ ಚೀಟಿಯ ಮೇಲೆ ತಮ್ಮನ ಮಗಳ ಹೆಸರು ಬರೆದು, ಪಕ್ಕದಲ್ಲಿ "ಹದಿಮೂರನೇ ಹನಿ" ಅಂತ ಸೇರಿಸಿದೆ. ಸುಗ್ಗಿ ಹಬ್ಬ ಪುತ್ತರಿಗೆ ಅವಳು ಬಂದಾಗ ತೆಗೆಯುವುದು.