ಡ್ರೆಸ್ಡೆನ್‌ನಲ್ಲಿ ಮೂಲ, ಮ್ಯಾಡ್ರಿಡ್‌ನಲ್ಲಿ ನಕಲು: ಮಾಯಾ ಹೊತ್ತಗೆಗಳನ್ನು ಹುಡುಕಿಕೊಂಡು

ಡ್ರೆಸ್ಡೆನ್‌ಗೆ ಹೋದವರು ಎಲ್ಬೆ ನದಿಯ ದಂಡೆ, ಮತ್ತೆ ಕಟ್ಟಿ ನಿಲ್ಲಿಸಿದ ದೊಡ್ಡ ಚರ್ಚು, ಅರಮನೆಯ ಒಡವೆಗಳನ್ನು ನೋಡಿ ಬರುತ್ತಾರೆ. ನನಗೆ ಬೇಕಾಗಿದ್ದದ್ದು ಊರಿನ ದಕ್ಷಿಣಕ್ಕೆ, ವಿಶ್ವವಿದ್ಯಾಲಯದ ಮಗ್ಗುಲಲ್ಲಿರುವ ಸ್ಯಾಕ್ಸನಿ ರಾಜ್ಯದ ಗ್ರಂಥಾಲಯ. ಅಲ್ಲಿನ ಪುಸ್ತಕ ಸಂಗ್ರಹಾಲಯದಲ್ಲಿ, ಬೆಳಕು ತೀರಾ ಕಡಿಮೆ ಇಟ್ಟಿರುವ ಒಂದು ಕೋಣೆಯಲ್ಲಿ, ಮಧ್ಯ ಅಮೆರಿಕದ ಮಾಯಾ ಜನ ಸ್ಪೇನಿನವರು ಬರುವ ಮೊದಲೇ ಬರೆದ ಹೊತ್ತಗೆಯೊಂದು ಗಾಜಿನ ಒಳಗಿದೆ.

ಇಂಥವು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಡ್ರೆಸ್ಡೆನ್, ಮ್ಯಾಡ್ರಿಡ್, ಪ್ಯಾರಿಸ್‌ಗಳಲ್ಲಿ ಒಂದೊಂದು. ನಾಲ್ಕನೆಯದು ಮೆಕ್ಸಿಕೋ ನಗರದಲ್ಲಿ. ಆ ನಾಲ್ಕನೆಯದನ್ನು ಬಹುಕಾಲ ಖೋಟಾ ಎಂದೇ ಅನುಮಾನಿಸುತ್ತಿದ್ದರು, 2018ರಲ್ಲಷ್ಟೇ ಅಸಲಿ ಎಂದು ಮೆಕ್ಸಿಕೋ ಸರ್ಕಾರದ ಪುರಾತತ್ವ ಸಂಸ್ಥೆ ಘೋಷಿಸಿತು. ಉಳಿಯದೆ ಹೋದವುಗಳಲ್ಲಿ ಕೆಲವನ್ನು ತೇವ, ಗೆದ್ದಲು ತಿಂದವು. ಕೆಲವನ್ನು ಮನುಷ್ಯರೇ ಸುಟ್ಟರು. 1562ರ ಜುಲೈನಲ್ಲಿ ಮೆಕ್ಸಿಕೋದ ಯುಕಟಾನಿನ ಮಾನಿ ಎಂಬ ಊರಲ್ಲಿ ಡಿಯೆಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಪುಸ್ತಕಗಳ ರಾಶಿಗೇ ಬೆಂಕಿ ಹಾಕಿಸಿದ. ಅದನ್ನು ನೋಡಿ ಆ ಜನ ಎಷ್ಟು ಸಂಕಟಪಟ್ಟರು ಎಂಬುದನ್ನೂ ಅವನೇ ಬರೆದಿಟ್ಟಿದ್ದಾನೆ. ಗಾಜಿನ ಮುಂದೆ ನಿಂತಾಗ ನನಗೆ ಮೊದಲು ನೆನಪಾದದ್ದು ಆ ಸಾಲು.

ಹೊತ್ತಗೆ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕದು. ಒಂದು ಪುಟ ಅಂದರೆ ಒಂಬತ್ತು ಸೆಂಟಿಮೀಟರ್ ಅಗಲ, ಇಪ್ಪತ್ತು ಚಿಲ್ಲರೆ ಎತ್ತರ. 39 ಹಾಳೆಗಳು, ಎರಡೂ ಬದಿ ಸೇರಿ 78 ಪುಟ, ಅದರಲ್ಲಿ ನಾಲ್ಕು ಖಾಲಿ. ಅತ್ತಿ, ಆಲದ ಕುಲಕ್ಕೇ ಸೇರಿದ ಮರದ ತೊಗಟೆಯನ್ನು ಬಡಿದು ಹದ ಮಾಡಿ, ಮೇಲೆ ತೆಳ್ಳಗೆ ಸುಣ್ಣ ಬಳಿದು, ಉದ್ದನೆಯ ಪಟ್ಟಿಯನ್ನು ಹಿಂದೆ ಮುಂದೆ ಮಡಚಿದ್ದಾರೆ. ಬಟ್ಟೆಗೆ ಇದ್ದಿಲು, ಹುಣಸೆಬೀಜದ ಅಂಟು ಬಳಿದು ಬಳಪದಲ್ಲಿ ಬರೆಯುತ್ತಿದ್ದ ನಮ್ಮ ಹಳೆಯ ಕಡತಗಳನ್ನು ಕಂಡವರಿಗೆ ಈ ಮಡಿಕೆಯ ಜಾಣತನ ಬಿಡಿಸಿ ಹೇಳಬೇಕಿಲ್ಲ. ಈಗ ಅದನ್ನು ಎರಡು ಪಟ್ಟಿಗಳಾಗಿ ಬಿಡಿಸಿ ಗಾಜಿನ ನಡುವೆ ಇಟ್ಟಿದ್ದಾರೆ. ಪೂರ್ತಿ ಉದ್ದ ಮೂರೂವರೆ ಮೀಟರ್ ದಾಟುತ್ತದೆ.

ನಾನು ತುಂಬ ಹೊತ್ತು ನೋಡಿದ್ದು 74ನೇ ಪುಟವನ್ನು. ಮೇಲೆ ಆಕಾಶದ ಚಿಹ್ನೆಗಳನ್ನೇ ಮೈಯಾಗಿ ಹೊತ್ತ ಮೊಸಳೆ, ತೆರೆದ ಬಾಯಿಂದ ನೀರು ಕಾರುತ್ತಿದೆ. ಅದರ ಕೆಳಗೆ ಮುದುಕಿ ದೇವತೆ ಕೊಡ ಬೋರಲು ಹಾಕಿ ನೀರು ಸುರಿಯುತ್ತಿದ್ದಾಳೆ. ತೀರಾ ಕೆಳಗೆ ಕಪ್ಪು ಮೈಯ ದೇವರೊಬ್ಬ ಈಟಿ ಹಿಡಿದು ಕೂತಿದ್ದಾನೆ. ಅಷ್ಟೇ ಅಗಲದ ಪಟ್ಟಿಯಲ್ಲಿ ಇಡೀ ಪ್ರಳಯ! ಗೆರೆ ಎಲ್ಲೂ ತಡವರಿಸಿಲ್ಲ. ಕುಂಚ ಹಿಡಿದ ಆ ಕೈಯ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿರಬೇಕು.

ಆದರೆ ಈ ಹೊತ್ತಗೆ ಈಗ ಪೂರ್ತಿಯಾಗಿಲ್ಲ. 1739ರಲ್ಲಿ ಗ್ರಂಥಪಾಲಕ ಗೊಟ್ಸೆ ವಿಯೆನ್ನಾದಿಂದ ಇದನ್ನು ತಂದಾಗಿನಿಂದ ಎರಡು ಶತಮಾನ ಕ್ಷೇಮವಾಗಿತ್ತು. 1945ರ ಫೆಬ್ರವರಿಯ ಬಾಂಬ್ ದಾಳಿಯ ಹೊತ್ತಿಗೆ ಅದು ಇದ್ದದ್ದು ಜಪಾನೀ ಅರಮನೆ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ನೀರು ತಗುಲಿ ಹಲವು ಪುಟಗಳ ಬಣ್ಣ ಕದಡಿತು, ಅಂಚಿನ ಅಕ್ಷರಗಳು ಅಳಿಸಿಹೋದವು. ಗಾಜಿಗೆ ಮುಖ ಹಚ್ಚಿ ನೋಡಿದರೆ ಆ ಕಲೆಗಳು ಈಗಲೂ ಕಾಣುತ್ತವೆ.

ಅಳಿಸಿಹೋದದ್ದು ಏನು ಎಂದು ನಮಗೆ ಇವತ್ತು ಗೊತ್ತಿದೆಯಲ್ಲ, ಅದಕ್ಕೆ ಕಾರಣ ಪಡಿಯಚ್ಚುಗಳು, ಅಂದರೆ ಮೂಲದ ತದ್ರೂಪು ಪ್ರತಿಗಳು. 1820ರ ದಶಕದಲ್ಲಿ ಅಗೊಸ್ಟಿನೊ ಆಲ್ಯೊ ಎಂಬ ಇಟಲಿಯ ಕಲಾವಿದ ಇಡೀ ಹೊತ್ತಗೆಯನ್ನು ಕೈಯಲ್ಲಿ ನಕಲು ಮಾಡಿದ. ಮಾಡಿಸಿದವನು ಐರ್ಲೆಂಡಿನ ಲಾರ್ಡ್ ಕಿಂಗ್ಸ್‌ಬರೊ. ಅದನ್ನು ಭಾರಿ ಸಂಪುಟಗಳಲ್ಲಿ ಅಚ್ಚು ಹಾಕಿಸುತ್ತಾ ಸಾಲದಲ್ಲಿ ಮುಳುಗಿ, 1837ರಲ್ಲಿ ಡಬ್ಲಿನ್ನಿನ ಸಾಲಗಾರರ ಜೈಲಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಆಮೇಲೆ 1880ರಲ್ಲಿ ಇದೇ ಗ್ರಂಥಾಲಯದ ಮುಖ್ಯಸ್ಥ ಅರ್ನ್ಸ್ಟ್ ಫೋರ್ಸ್ಟೆಮಾನ್ ಛಾಯಾಚಿತ್ರದ ಆಧಾರದ ಮೇಲೆ ಬಣ್ಣದ ಪಡಿಯಚ್ಚು ತಂದ. ನೀರು ತಗುಲುವ ಮುಂಚಿನ ಪುಟಗಳನ್ನು ಕಾಣಬೇಕೆಂದರೆ ಇವತ್ತಿಗೂ ಇವರ ಕೆಲಸಕ್ಕೇ ಹೋಗಬೇಕು.

ಪಡಿಯಚ್ಚು ಬಡವರ ಪಾಲಿನ ಮೂಲ ಅಂತ ಹಗುರವಾಗಿ ಮಾತಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. 1975ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಅಚ್ಚಾದ ಪ್ರತಿಯನ್ನು ಮೇಜಿನ ಮೇಲೆ ಮಡಿಕೆ ಬಿಡಿಸಿ ಹರಡಿಕೊಂಡಾಗಲೇ ನನಗೆ ಶುಕ್ರನ ಪುಟಗಳು ದಕ್ಕಿದ್ದು. 46ರಿಂದ 50ರವರೆಗಿನ ಪ್ರತಿ ಪುಟದ ಅಡಿಯಲ್ಲೂ ಕೆಂಪು ಬಣ್ಣದಲ್ಲಿ ಅವೇ ನಾಲ್ಕು ಸಂಖ್ಯೆಗಳು: 236, 90, 250, 8. ಚುಕ್ಕೆ ಅಂದರೆ ಒಂದು, ಗೆರೆ ಅಂದರೆ ಐದು, ಚಿಪ್ಪು ಅಂದರೆ ಸೊನ್ನೆ. ಎಣಿಕೆ ಇಪ್ಪತ್ತರ ಲೆಕ್ಕದ್ದು. ಹನ್ನೊಂದು ಇಪ್ಪತ್ತುಗಳು, ಕೆಳಗೆ ಹದಿನಾರು, ಕೂಡಿದರೆ 236. ನಾಲ್ಕೂ ಸೇರಿದರೆ 584 ದಿನ. ಬೆಳ್ಳಿ, ಅಂದರೆ ಶುಕ್ರ, ಮುಂಜಾನೆ ಕಾಣಿಸಿಕೊಂಡು, ಮರೆಯಾಗಿ, ಸಂಜೆ ಕಾಣಿಸಿಕೊಂಡು, ಮತ್ತೆ ಮರೆಯಾಗಿ ಮುಂಜಾನೆಗೆ ಮರಳುವ ಸುತ್ತು ಅದು. ಐದು ಪುಟಕ್ಕೆ ಐದು ಸುತ್ತು, 2920 ದಿನ. 365 ದಿನಗಳ ಎಂಟು ವರ್ಷಕ್ಕೆ ಕರಾರುವಾಕ್ಕಾಗಿ ಸಮ. ಬೆರಳಿಟ್ಟು ಚುಕ್ಕೆ ಎಣಿಸುವ ಈ ಸುಖ ಗಾಜಿನ ಆಚೆ ನಿಂತವರಿಗೆ ಸಿಗುವುದಿಲ್ಲ.

ಮಾಯಾ ಲಿಪಿ ಬಿಡಿಸಿದ ಕತೆಯೂ ಹೀಗೇ. 1952ರಲ್ಲಿ ದಾರಿ ತೋರಿಸಿದ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಲೆನಿನ್‌ಗ್ರಾಡಿನಲ್ಲಿ ಕೂತು ಕೆಲಸ ಮಾಡಿದವರು. ಕೈಯಲ್ಲಿದ್ದದ್ದು ಗ್ವಾಟೆಮಾಲಾದ ವಿಲ್ಯಾಕೋರ್ಟಾ ಮನೆತನದ ಇಬ್ಬರು ಈ ಹೊತ್ತಗೆಗಳ ರೇಖಾಚಿತ್ರ ಮಾಡಿ ಅಚ್ಚು ಹಾಕಿಸಿದ ಪುಸ್ತಕ. ಮಾಯಾ ನೆಲವನ್ನು ಅವರು ಕಂಡದ್ದು ಮುದಿವಯಸ್ಸಿನಲ್ಲಿ.

ಪ್ಯಾರಿಸಿನ ಹಸ್ತಪ್ರತಿಯ ಆಸೆ ಬಿಟ್ಟು ಮ್ಯಾಡ್ರಿಡ್‌ಗೆ ಹೋದೆ. ಮೊಂಕ್ಲೋವಾ ಬಳಿಯ ಅಮೆರಿಕಾ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿರುವುದು ನಕಲು, ಮೂಲ ಭದ್ರವಾಗಿ ಒಳಗಿದೆ. ಇದು ನಾಲ್ಕರಲ್ಲೂ ಉದ್ದನೆಯದು, 112 ಪುಟ, ಏಳು ಮೀಟರಿಗೆ ಸ್ವಲ್ಪ ಕಡಿಮೆ. ಎರಡು ತುಂಡಾಗಿ ಬೇರೆ ಬೇರೆ ಕೈಗಳಲ್ಲಿದ್ದದ್ದನ್ನು ಹೋಲಿಸಿ ನೋಡಿ, ಎರಡೂ ಒಂದೇ ಎಂದು ಹೇಳಿದವರು ಫ್ರಾನ್ಸಿನ ವಿದ್ವಾಂಸ ಲಿಯೋನ್ ದ ರೋನಿ. ಬರಹ ಡ್ರೆಸ್ಡೆನ್ನಿನದರಷ್ಟು ನಯವಲ್ಲ, ಆದರೆ ಬದುಕು ತುಂಬಿದೆ: ಬಲೆಗೆ ಬಿದ್ದ ಜಿಂಕೆ, ಮಳೆ, ಬಿತ್ತನೆ. ಕೊನೆಯ ಪುಟಗಳಲ್ಲಿ ಜೇನು, ಗೂಡು, ಜೇನುಸಾಕಣೆಯ ವಿಧಿಗಳು. ಯುಕಟಾನಿನ ಆ ಮುಳ್ಳಿಲ್ಲದ ಜೇನನ್ನು ಅಲ್ಲಿನ ಮಾಯಾ ಮನೆಗಳಲ್ಲಿ ಈಗಲೂ ಟೊಳ್ಳು ದಿಮ್ಮಿಗಳಲ್ಲಿ ಸಾಕುತ್ತಾರೆ. ಪಕ್ಕದಲ್ಲಿ ಶಾಲಾ ಮಕ್ಕಳ ಗುಂಪೊಂದು ಜೇನು ಎಣಿಸುತ್ತಿತ್ತು. ಪಡಿಯಚ್ಚು ಆದ್ದರಿಂದಲೇ ಅವರಿಗೆ ಅಷ್ಟು ಬೆಳಕು ಸಿಕ್ಕಿತ್ತು.

ಡ್ರೆಸ್ಡೆನ್ ದಾರಿಯಲ್ಲಿ ಹೋಗುವವರಿಗೆ ಒಂದು ಮಾತು. ಗ್ರಂಥಾಲಯ ತನ್ನ ಜಾಲತಾಣದಲ್ಲಿ ಎಲ್ಲ ಪುಟಗಳನ್ನೂ ಉಚಿತವಾಗಿ ಇಟ್ಟಿದೆ. ಹೊರಡುವ ಮುಂಚೆ ಮನೆಯಲ್ಲೇ ಶುಕ್ರನ ಐದು ಪುಟಗಳನ್ನು ದೊಡ್ಡದು ಮಾಡಿ, ಚುಕ್ಕೆ ಗೆರೆಗಳನ್ನು ಒಮ್ಮೆ ಕೂಡಿ ನೋಡಿಕೊಳ್ಳಿ. ಆಮೇಲೆ ಆ ಮಂದ ಬೆಳಕಿನ ಕೋಣೆಯಲ್ಲಿ ಯಾವ ಪುಟ ಹುಡುಕಬೇಕು ಎಂದು ನಿಮಗೇ ಗೊತ್ತಿರುತ್ತದೆ.